ನಿಜವಾದ ಗೇಮ್ ಯಾವಾಗ ಮಾಡ್ತೀಯಾ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ಬಿಡುವು ಸಿಕ್ಕಾಗಲೆಲ್ಲ ನಾನು ಒಂದು ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಓಡಾಡುವ ವಿಡಿಯೋ ಗೇಮ್, ಮಾಡುತ್ತಿದ್ದೇನೆ. ಚಿಕ್ಕಂದಿನಲ್ಲಿ ಆಡಿದ ಒಂದು ಆಟದ ಊರು, ಜನ ಎಲ್ಲ ಇಟ್ಟುಕೊಂಡು ಅದರ ಮುಂದಿನ ಕಥೆ ಕಟ್ಟುತ್ತಿದ್ದೇನೆ. ಆ ಆಟ ಮಾಡಿದ ಕಂಪನಿಗೂ ನನಗೂ ಸಂಬಂಧವಿಲ್ಲ, ಬರೀ ಅಭಿಮಾನ. ನೋಡೋಕೆ 1989ರ ಗೇಮ್ ಬಾಯ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಯಂತ್ರದ ಆಟದ ಹಾಗೇ ಇದೆ. ಪರದೆಯ ಅಗಲ 160 ಪಿಕ್ಸೆಲ್ (ಅಂದರೆ ಚುಕ್ಕಿ), ಎತ್ತರ 144, ಬಣ್ಣದ ಛಾಯೆ ನಾಲ್ಕೇ. ಶುರು ಮಾಡಿ ಆರು ವರ್ಷ ಆಯ್ತು. ತೋರಿಸಿದವರು ಎರಡು ನಿಮಿಷ ನೋಡುತ್ತಾರೆ. "ಚೆನ್ನಾಗಿದೆ. ನಿಜವಾದ ಗೇಮ್ ಯಾವಾಗ ಮಾಡ್ತೀಯಾ?" ಅನ್ನುತ್ತಾರೆ.

ಇದೇ ನಿಜವಾದ ಗೇಮ್. ಅವಸರ ಇರುವವರು ಇಲ್ಲಿಗೇ ನಿಲ್ಲಿಸಬಹುದು.

ಇದರ ಹಿಂದೆಯೇ ಬರುವುದು ದುಡ್ಡಿನ ಮಾತು. ಒಂದು ಪೈಸೆಯೂ ಬರುವುದಿಲ್ಲ. ಆ ಲೋಕ ಬೇರೆಯವರದು, ಮಾರುವ ಹಕ್ಕು ನನಗಿಲ್ಲ. ನಿಂಟೆಂಡೊ ಕಂಪನಿಯ ಪೋಕೆಮಾನ್ ಲೋಕ ಇಟ್ಟುಕೊಂಡು ಅಭಿಮಾನಿಗಳೇ ಮಾಡಿದ ಪೋಕೆಮಾನ್ ಯುರೇನಿಯಂ ಅಂತ ಒಂದು ಆಟ ಇತ್ತು. ಒಂಬತ್ತು ವರ್ಷ ಕೂತು ಮಾಡಿ 2016ರ ಆಗಸ್ಟ್‌ನಲ್ಲಿ ಬಿಟ್ಟರು. 15 ಲಕ್ಷಕ್ಕೂ ಜಾಸ್ತಿ ಸಲ ಡೌನ್‌ಲೋಡ್ ಆಯ್ತು. ಅದೇ ತಿಂಗಳು ನಿಂಟೆಂಡೊ ವಕೀಲರ ನೋಟೀಸು ಬಂದು, ಮಾಡಿದವರೇ ಡೌನ್‌ಲೋಡ್ ಲಿಂಕ್ ತೆಗೆದರು. ನನ್ನದಕ್ಕೂ ಹಾಗಾಗಬಹುದು. ಗೊತ್ತಿದ್ದೇ ಮಾಡುತ್ತಿದ್ದೇನೆ.

ನನಗೆ ನೋವಾಗುವುದು ಆ "ನಿಜವಾದ" ಅನ್ನುವ ಮಾತಿನಿಂದ. ಒಂದು ಸಂಜೆ ಚಿಕ್ಕಪ್ಪನ ಮಗ ಪಕ್ಕದಲ್ಲಿ ಬಂದು ಕೂತ. ನಾನು ಒಬ್ಬ ಅಜ್ಜಿಯ ಚಿತ್ರ ಬರೆಯುತ್ತಿದ್ದೆ. "ಇನ್ನೂ ಇದೇನಾ? ಮೂರು ದಿನದಿಂದ ಇದನ್ನೇ ಮಾಡ್ತಿದ್ದೀಯಲ್ಲ. ಈಗಿನ ಗೇಮಲ್ಲಿ ಕೂದಲು ಎಳೆ ಎಳೆಯಾಗಿ ಕಾಣತ್ತೆ, ಗೊತ್ತಾ?" ಅಂದ. ಗೊತ್ತು ಕಣೋ. ನನ್ನ ಅಜ್ಜಿಗೆ ಇರುವ ಜಾಗ 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರ. ಛಾಯೆ ಮೂರೇ, ಯಾಕೆಂದರೆ ಓಡಾಡುವ ಪಾತ್ರಗಳಿಗೆ ನಾಲ್ಕನೆಯದು ಪಾರದರ್ಶಕ ಆಗಿರಬೇಕು. ಇಷ್ಟರಲ್ಲಿ ವಯಸ್ಸು ಕಾಣಿಸಬೇಕು. ಮುಖದಲ್ಲಿ ಸುಕ್ಕು ಹಾಕಿದರೆ ಗಡ್ಡದ ಥರ ಕಾಣುತ್ತಿತ್ತು. ಕೂದಲು ಬಿಳಿ ಮಾಡಿದರೆ ತಲೆಯೇ ಗೋಡೆಯೊಳಗೆ ಕರಗಿಹೋಗುತ್ತಿತ್ತು. ಕೊನೆಗೆ ತಲೆಯನ್ನು ಎರಡು ಚುಕ್ಕಿ ಮುಂದಕ್ಕೆ, ಒಂದು ಚುಕ್ಕಿ ಕೆಳಕ್ಕೆ ತಂದೆ. ಬೆನ್ನು ಬಾಗಿತು. ಅಜ್ಜಿ ಬಂದಳು. ಆ ಕ್ಷಣಕ್ಕೆ ಮೂರು ಸಂಜೆ ಜಾಸ್ತಿಯೇನಲ್ಲ.

ಮಾತಿನ ಕಥೆಯೂ ಹೀಗೇ. ಪರದೆಯಲ್ಲಿ ಅಡ್ಡಕ್ಕೆ 20 ಚೌಕ. ಚೌಕಟ್ಟಿಗೆ ಎರಡು ಹೋದರೆ ಸಾಲಿಗೆ 18 ಅಕ್ಷರ, ಅಂಥ ಎರಡು ಸಾಲು. ಮಗ ಕತ್ತಿ ಹಿಡಿದು ಹೋದದ್ದು, ತಿರುಗಿ ಬಾರದ್ದು, ತಾನು ಕಾಯುತ್ತಿರುವುದು ಎಲ್ಲವನ್ನೂ ಅಜ್ಜಿ ಬಾಯಲ್ಲಿ ಹೇಳಿಸಿದ್ದೆ. ಹಿಡಿಸಲಿಲ್ಲ. ಕತ್ತರಿಸುತ್ತಾ ಹೋದೆ. ಉಳಿದದ್ದು ಇಷ್ಟು: "ನೀನೂ ಹೋಗ್ತೀಯಾ?" ಜಾಗ ಜಾಸ್ತಿ ಇದ್ದಿದ್ದರೆ ಈ ಮಾತು ನನಗೆ ಸಿಗುತ್ತಲೇ ಇರಲಿಲ್ಲ.

1986ರಲ್ಲಿ ಜಪಾನಿನಲ್ಲಿ ಡ್ರ್ಯಾಗನ್ ಕ್ವೆಸ್ಟ್ ಅನ್ನುವ ರೋಲ್ ಪ್ಲೇಯಿಂಗ್ ಗೇಮ್ ಬಂತು. ಇಡೀ ಆಟ 64 ಕಿಲೋಬೈಟ್. ಈಗ ಫೋನಿನಲ್ಲಿ ತೆಗೆಯುವ ಒಂದು ಫೋಟೋ ಅದಕ್ಕಿಂತ ಎಷ್ಟೋ ದೊಡ್ಡದು. ಜಾಗ ಸಾಲದೆ ಅದರ ನಾಯಕ ಯಾವ ಕಡೆ ನಡೆದರೂ ಮುಖ ಮಾತ್ರ ನಮ್ಮ ಕಡೆಗೇ ಇರುತ್ತಿತ್ತು. ಯಾರ ಜೊತೆಗಾದರೂ ಮಾತಾಡಬೇಕೆಂದರೆ, ಯಾವ ದಿಕ್ಕಿನಲ್ಲಿರುವವರ ಜೊತೆ ಅಂತ ಪಟ್ಟಿಯಿಂದ ಆರಿಸಬೇಕಿತ್ತು. ಅಷ್ಟರಲ್ಲೇ ಒಂದು ಲೋಕ ಇತ್ತು. ಅದರ ಹೊಸ ಭಾಗಗಳು ಇವತ್ತಿಗೂ ಬರುತ್ತಿವೆ. ಅದನ್ನು ಯಾರೂ ಸುಳ್ಳು ಗೇಮ್ ಅನ್ನಲ್ಲ, ಅಲ್ವಾ?

ನನಗೆ ಇಷ್ಟವಾದ ಪ್ರಶ್ನೆಯನ್ನು ಇಲ್ಲಿತನಕ ಒಬ್ಬಳೇ ಕೇಳಿದ್ದಾಳೆ. ಗೆಳತಿಯ ಮಗಳು, ಒಂಬತ್ತು ವರ್ಷ. ಅರ್ಧ ಗಂಟೆ ಆಡಿದಳು. ಗ್ರಾಫಿಕ್ಸ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಜ್ಜಿ ಮನೆ ಮುಂದೆ ನಿಂತು ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. "ಈ ಬಾಗಿಲು ಯಾಕೆ ತೆಗಿಯಲ್ಲ? ಒಳಗೆ ಏನಿದೆ?"

ಮೂಲ ಆಟದಲ್ಲೂ ಆ ಬಾಗಿಲು ತೆರೆಯುತ್ತಿರಲಿಲ್ಲ. ಮುಂದೆ ಒಬ್ಬಳು ಅಜ್ಜಿ, ಅವಳಿಗೆ ಒಂದೇ ಮಾತು: "ಮಗ ಮನೆಯಲ್ಲಿಲ್ಲ." ಈ ಹುಡುಗಿಯ ವಯಸ್ಸಿನಲ್ಲಿ ನಾನೂ ಅಲ್ಲಿ ನಿಂತು ಗುಂಡಿ ಒತ್ತುತ್ತಿದ್ದೆ. ಆಟ ಪೂರ್ತಿ ಗೆದ್ದ ಮೇಲೂ ಹೋಗಿ ಒತ್ತಿದ್ದೇನೆ. ಬಹುಶಃ ಅದು ಸುಮ್ನೆ ಗೋಡೆಗೆ ಅಂಟಿಸಿದ ಚಿತ್ರ, ಒಳಗೆ ಏನೂ ಬರೆದೇ ಇರಲಿಲ್ಲ. ಆದರೆ ನನಗೆ ಒಳಗೆ ಏನಿದೆ ಅಂತ ಗೊತ್ತಾಗಲೇಬೇಕಿತ್ತು. ಅದಕ್ಕೇ ಈ ಆಟ.

ಪುಟ್ಟಿ, ಕೊನೆಯ ಅಧ್ಯಾಯದಲ್ಲಿ ಬಾಗಿಲು ತೆರೆಯುತ್ತೆ. ಒಳಗಿನ ಕೋಣೆ ಹೋದ ತಿಂಗಳು ಮುಗಿಯಿತು. ಒಂದು ಹಾಸಿಗೆ, ಒಂದು ಕಿಟಕಿ, ಒಂದು ಮೇಜು. ಮೇಜಿನ ಮೇಲೆ ಎರಡು ಬಟ್ಟಲು ಇಟ್ಟಿದ್ದೇನೆ. ಎರಡರಿಂದಲೂ ಹಬೆ ಏಳುತ್ತಿದೆ.