ಬಾರ್ಡ್ಸ್‌ಟೌನ್‌ನ ಒಂದು ಸಂಜೆ: ಸುಟ್ಟುಹೋದ ಭಟ್ಟಿಯ ಬರ್ಬನ್

ಕೆಂಟಕಿಯ ಬಾರ್ಡ್ಸ್‌ಟೌನ್ ಹತ್ತಿರವಾದಾಗ ಕಾರಿನ ಗಾಜು ಇಳಿಸಿಬಿಡಬೇಕು. ರಸ್ತೆಯ ಪಕ್ಕದ ದಿಬ್ಬಗಳ ಮೇಲೆ ಏಳಂತಸ್ತಿನ ಬಿಳಿ ಗೋದಾಮುಗಳು ಸಾಲುಗಟ್ಟಿ ನಿಂತಿರುತ್ತವೆ. ಒಳಗೆ ಸಾವಿರಾರು ಓಕ್ ಪೀಪಾಯಿಗಳಲ್ಲಿ ಬರ್ಬನ್, ಅಂದರೆ ಮುಖ್ಯವಾಗಿ ಮೆಕ್ಕೆಜೋಳದಿಂದ ಇಳಿಸುವ ಅಮೆರಿಕದ ವಿಸ್ಕಿ, ಮಾಗುತ್ತಿರುತ್ತದೆ. ಮರದೊಳಗಿಂದ ಜಿನುಗಿ ಆವಿಯಾದ ಅದರ ಪಾಲು ಊರಿನ ಗಾಳಿಗೆ ಸೇರುತ್ತದೆ. ಅಲ್ಲಿನವರು ಅದನ್ನು ದೇವದೂತರ ಪಾಲು ಎನ್ನುತ್ತಾರೆ. ಕಾರು ಓಡಿಸುತ್ತಿದ್ದ ನನ್ನ ಅಕ್ಕ ಮದ್ಯ ಮುಟ್ಟಿದವಳಲ್ಲ. ಆದರೂ ಒಮ್ಮೆ ಮೂಗರಳಿಸಿ, "ಇದೇನೋ, ನಮ್ಮೂರಿನ ಆಲೆಮನೆಯ ಪಕ್ಕದಲ್ಲಿ ಹೋದ ಹಾಗಿದೆಯಲ್ಲ!" ಎಂದಳು. ನಾವು ಮಂಡ್ಯದ ಕಡೆಯವರು. ಆ ವಾಸನೆಯನ್ನು ಬಣ್ಣಿಸಲು ನನಗೆ ಬೇರೆ ಮಾತು ಬೇಕಾಗಲಿಲ್ಲ.

ಗೋದಾಮುಗಳ ಸುತ್ತಲಿನ ಮರಗಳ ಕಾಂಡಗಳೆಲ್ಲ ಕಪ್ಪು. ಎಂದೋ ಬೆಂಕಿ ಬಿದ್ದ ಗುರುತೆಂದು ಅಕ್ಕ ತಿಳಿದಳು. ಅದು ಬೆಂಕಿಯ ಮಸಿಯಲ್ಲ, ಮದ್ಯದ ಆವಿಯನ್ನೇ ಉಂಡು ಬೆಳೆಯುವ ಬೌಡೋನಿಯಾ ಎಂಬ ಶಿಲೀಂಧ್ರ. ಬೆಂಕಿಯ ಕಥೆ ಆ ಊರಿಗೆ ಬೇರೆಯೇ ಇದೆ, ಅದನ್ನು ಬರೆಯಲೆಂದೇ ಕುಳಿತಿದ್ದೇನೆ.

ಭಾವನ ಮನೆ ಸಿನ್ಸಿನಾಟಿಯಲ್ಲಿ. ಒಹಾಯೊ ನದಿ ದಾಟಿದರೆ ಕೆಂಟಕಿ. ಭಾವ ಬರ್ಬನ್ ಸಂಗ್ರಹಿಸುವವರು, ನಾನು ಕುಡಿಯುವವನು. ನಮ್ಮಿಬ್ಬರ ವಾದ ಫೋನಿನಲ್ಲೇ ವರ್ಷಗಳಿಂದ ನಡೆದಿತ್ತು. ಅವರ ಕಪಾಟಿನಲ್ಲಿ ಬ್ಲಾಂಟನ್ಸ್ ಬಾಟಲಿಗಳ ಸಾಲಿದೆ. ಭಟ್ಟಿ ತಜ್ಞ ಎಲ್ಮರ್ ಟಿ. ಲೀ 1984ರಲ್ಲಿ ಹೊರತಂದ, ಒಂದೇ ಪೀಪಾಯಿಯಿಂದ ತುಂಬಿದ ಬರ್ಬನ್ ಅದು. ಬಿರಡೆಯ ಮೇಲೆ ಕುದುರೆ ಸವಾರನ ಲೋಹದ ಗೊಂಬೆಯಿರುತ್ತದೆ. ಎಂಟು ಭಂಗಿಗಳಿವೆ, ಒಂದೊಂದರಲ್ಲಿ ಹೆಸರಿನ ಒಂದೊಂದು ಅಕ್ಷರ. ಭಾವನಿಗೆ ಇನ್ನೂ 'ಟಿ' ಸಿಕ್ಕಿಲ್ಲ. ಆ ಅಕ್ಷರಕ್ಕಾಗಿ ಅವರು ಎಷ್ಟೋ ಊರುಗಳ ಮದ್ಯದಂಗಡಿ ಹೊಕ್ಕು ಬಂದಿದ್ದಾರೆ.

ಲೂಯಿವಿಲ್, ಫ್ರಾಂಕ್‌ಫರ್ಟ್, ಲೊರೆಟ್ಟೊ ಎಲ್ಲ ನೋಡಿದೆವು. ಮೇಕರ್ಸ್ ಮಾರ್ಕ್ ಭಟ್ಟಿಯಲ್ಲಿ ಬಾಟಲಿಯ ಕತ್ತನ್ನು ಕೆಂಪು ಮೇಣದಲ್ಲಿ ಅದ್ದುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ನನಗೆ ಹಿಡಿಸಿದ್ದು ಮೇಣವಲ್ಲ, ರೈ ಧಾನ್ಯದ ಬದಲು ಗೋಧಿ ಹಾಕಿದ್ದರಿಂದ ಬಂದ ಮೆದುತನ. ಫೋರ್ ರೋಸಸ್‌ನವರು ಧಾನ್ಯಗಳ ಎರಡು ಬಗೆಯ ಮಿಶ್ರಣ ಮತ್ತು ಐದು ಬಗೆಯ ಯೀಸ್ಟ್ ಇಟ್ಟುಕೊಂಡು ಹತ್ತು ರುಚಿಯ ಬರ್ಬನ್ ಇಳಿಸುತ್ತಾರೆ. ಹುದುಗು ಬದಲಾದರೆ ರುಚಿ ಎಷ್ಟು ಬದಲಾಗುತ್ತದೆ ಎಂದು ಅಲ್ಲಿ ನಾಲಿಗೆಗೇ ತಿಳಿಯುತ್ತದೆ. ವೈಲ್ಡ್ ಟರ್ಕಿ 101 ಈಗಲೂ ನನ್ನ ದಿನನಿತ್ಯದ ಆಯ್ಕೆ. ಖಾರವಾಗಿದೆ, ನೇರವಾಗಿದೆ, ಬೆಲೆ ಕೈಗೆಟುಕುತ್ತದೆ. ಜಗತ್ತೆಲ್ಲ ಹಂಬಲಿಸುವ ಪ್ಯಾಪಿ ವ್ಯಾನ್ ವಿಂಕಲ್ 23 ವರ್ಷದ್ದನ್ನು ಭಾವ ಒಂದು ಬಾರಿನಲ್ಲಿ ಅರ್ಧ ಔನ್ಸ್ ಕೊಡಿಸಿದರು. ಹೊಸ ಸುಟ್ಟ ಓಕ್‌ನಲ್ಲಿ ಅಷ್ಟು ವರ್ಷ ಕೂತರೆ ಮರ ಮದ್ಯವನ್ನು ನುಂಗಿಬಿಡುತ್ತದೆ. ನನಗೆ ಒಗರೇ ಹೆಚ್ಚಾಗಿ ಸಿಕ್ಕಿತು. ಅದೇ ಭಟ್ಟಿಯ, ಅದೇ ಗೋಧಿ ಬಳಗದ ವೆಲ್ಲರ್ 12 ವರ್ಷದ್ದು ಅದಕ್ಕಿಂತ ಎಷ್ಟೋ ಸೊಗಸು.

ಇನ್ನು ಬಾರ್ಡ್ಸ್‌ಟೌನ್.

ಹಳೆಯ ಇಟ್ಟಿಗೆ ಕಟ್ಟಡದ ಸಣ್ಣ ಬಾರು ಅದು. ಗೋಡೆಯುದ್ದಕ್ಕೂ ಹಳೆಯ ಬಾಟಲಿಗಳು, ಕೆಲವದರ ಲೇಬಲ್ ಬಣ್ಣವೇ ಹೋಗಿತ್ತು. ಜನರ ಮನೆಯ ಅಟ್ಟ, ನೆಲಮಾಳಿಗೆಗಳಲ್ಲಿ ಉಳಿದುಹೋದ ಹಳೆಯ ಬಾಟಲಿಗಳನ್ನು ಪರವಾನಗಿಯುಳ್ಳ ಬಾರು, ಅಂಗಡಿಗಳು ಕೊಂಡು ಮಾರಲು ಕೆಂಟಕಿಯಲ್ಲಿ 2018ರಿಂದ ಕಾನೂನೇ ಅವಕಾಶ ಕೊಟ್ಟಿದೆ. ಭಾವ ಪಟ್ಟಿ ನೋಡುತ್ತಾ ಒಂದು ಸಾಲಿನಲ್ಲಿ ನಿಂತುಬಿಟ್ಟರು. ಹೆವನ್ ಹಿಲ್, ಬಾಟಲ್ಡ್ ಇನ್ ಬಾಂಡ್, ಡಿಎಸ್‌ಪಿ-ಕೆವೈ-31.

ಈ ಗುರುತಿನ ಅರ್ಥ ತಿಳಿಯದಿದ್ದರೆ ಮುಂದಿನದು ರುಚಿಸದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಸ್ಕಿಗೆ ಹೊಗೆಸೊಪ್ಪಿನ ರಸವನ್ನೂ ಬೆರೆಸಿ ಬಣ್ಣ ಬರಿಸುವ ವ್ಯಾಪಾರಿಗಳಿದ್ದರು. ಅದನ್ನು ತಡೆಯಲು 1897ರಲ್ಲಿ ಅಮೆರಿಕ 'ಬಾಟಲ್ಡ್ ಇನ್ ಬಾಂಡ್' ಕಾಯ್ದೆ ತಂದಿತು. ಒಂದೇ ಭಟ್ಟಿ, ಒಂದೇ ಋತು, ಸರ್ಕಾರದ ಮೇಲ್ವಿಚಾರಣೆಯ ಗೋದಾಮಿನಲ್ಲಿ ಕನಿಷ್ಠ 4 ವರ್ಷ, ಬಾಟಲಿಗೆ ತುಂಬುವಾಗ ಸರಿಯಾಗಿ ಶೇ 50 ಮದ್ಯಸಾರ. ಎಲ್ಲಿ ಭಟ್ಟಿ ಇಳಿಸಿದ್ದು ಎಂಬುದು ಲೇಬಲ್ಲಿನ ಮೇಲೆ ಇರಲೇಬೇಕು. ಡಿಎಸ್‌ಪಿ-ಕೆವೈ ಎಂದರೆ ಕೆಂಟಕಿಯ ಭಟ್ಟಿಗೆ ಸರ್ಕಾರ ಕೊಡುವ ನೋಂದಣಿ ಸಂಖ್ಯೆ, 31 ಎಂದರೆ ಬಾರ್ಡ್ಸ್‌ಟೌನ್‌ನಲ್ಲಿದ್ದ ಹೆವನ್ ಹಿಲ್ ಕಂಪನಿಯ ಹಳೆಯ ಭಟ್ಟಿ. ಅದು 1996ರ ನವೆಂಬರ್ 7ರಂದು ಸುಟ್ಟುಹೋಯಿತು. ಏಳು ಗೋದಾಮುಗಳು, 90,000ಕ್ಕೂ ಹೆಚ್ಚು ಪೀಪಾಯಿಗಳು ಉರಿದುಹೋದವು. ಕಂಪನಿ 1999ರಲ್ಲಿ ಲೂಯಿವಿಲ್‌ನ ಬರ್ನ್‌ಹೈಮ್ ಭಟ್ಟಿಯನ್ನು ಕೊಂಡಿತು, ಅದರ ಸಂಖ್ಯೆ 1. ಹಾಗಾಗಿ ಹೆಸರು ಅದೇ ಆದರೂ ಆ ಹಳೆಯ ಭಟ್ಟಿಯ ಬರ್ಬನ್ ಇನ್ನು ಹುಟ್ಟುವುದಿಲ್ಲ. ಸಂಗ್ರಹಕಾರರು ಅದನ್ನು 'ಬೆಂಕಿಗೆ ಮುಂಚಿನದು' ಎಂದೇ ಕರೆಯುತ್ತಾರೆ.

ನಾವು ಅದರ ಬೆಲೆಯ ಬಗ್ಗೆ ಮಾತಾಡಿಕೊಳ್ಳುತ್ತಿದ್ದಾಗ ಪಕ್ಕದ ಎತ್ತರದ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು, "ಕೊಳ್ಳಿ. ಅದನ್ನು ಉರುಳಿಸಿದವರಲ್ಲಿ ನಾನೂ ಒಬ್ಬ" ಎಂದರು.

ಅವರು ಬದುಕಿನ ಬಹುಪಾಲು ಗೋದಾಮುಗಳಲ್ಲೇ ದುಡಿದು ನಿವೃತ್ತರಾದವರು. ಉರುಳಿಸುವುದೆಂದರೇನು ಎಂದು ಕೇಳಿದೆ. ತುಂಬಿದ ಪೀಪಾಯಿಯಲ್ಲಿ 200 ಲೀಟರ್ ಇರುತ್ತದೆ. ಅದನ್ನು ಎತ್ತಲಾಗದು. ಮರದ ಹಳಿಗಳ ಮೇಲೆ ತಳ್ಳಿ ಸಾಲಿನ ಕೊನೆಯವರೆಗೆ ಉರುಳಿಸಬೇಕು. ಅದು ನಿಲ್ಲುವಾಗ ಪಕ್ಕದ ಬಿರಡೆ ಮೇಲ್ಮುಖವಾಗಿರಬೇಕು, ಕೆಳಗಾದರೆ ಸೋರುತ್ತದೆ. ಒಮ್ಮೆ ಒಳಗೆ ಹೋದ ಪೀಪಾಯಿಯನ್ನು ಕತ್ತಲಲ್ಲಿ ತಿರುಗಿಸಲು ಜಾಗವಿಲ್ಲ. ಆದ್ದರಿಂದ ಎಷ್ಟು ದೂರ ಉರುಳಬೇಕೆಂದು ಲೆಕ್ಕ ಹಾಕಿ, ಬಿರಡೆಯನ್ನು ಗಡಿಯಾರದ ಯಾವ ಗಂಟೆಯ ಕಡೆಗಿಟ್ಟು ಬಿಡಬೇಕೆಂದು ಬಾಗಿಲಲ್ಲೇ ತೀರ್ಮಾನಿಸಬೇಕು. ಇಷ್ಟು ಹೇಳಿ ಅವರು ನೀರಿನ ಬಾಟಲಿಯೊಂದನ್ನು ಬಾರಿನ ಹಲಗೆಯ ಮೇಲೆ ಅಡ್ಡ ಮಲಗಿಸಿದರು. ಲೇಬಲ್ಲನ್ನು ತಮ್ಮತ್ತ ಸ್ವಲ್ಪ ಕೆಳಕ್ಕೆ ತಿರುಗಿಸಿ ಬೆರಳಿನಿಂದ ಮೆಲ್ಲಗೆ ತಳ್ಳಿದರು. ಬಾಟಲಿ ಉರುಳಿ ಭಾವನ ಮೊಣಕೈಗೆ ತಾಗಿ ನಿಂತಿತು. ಲೇಬಲ್ ನೇರ ಮೇಲಕ್ಕೆ ನೋಡುತ್ತಿತ್ತು. ಭಾವ ತಾವೂ ಮಾಡಿ ನೋಡಿದರು, ಲೇಬಲ್ ಅಡಿಗಾಯಿತು. ಹಿರಿಯರು ಬಾಟಲಿಯನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ತಳ್ಳಿದರು, ಮತ್ತೆ ಮೇಲೇ.

ಬೆಂಕಿಯ ದಿನದ ಬಗ್ಗೆ ಕೇಳಲು ನನಗೆ ಸಂಕೋಚವಿತ್ತು. ಅವರೇ ಹೇಳಿದರು. ಜೋರು ಗಾಳಿ. ಒಂದು ಗೋದಾಮಿನಿಂದ ಇನ್ನೊಂದಕ್ಕೆ ಬೆಂಕಿ ಹಾರುತ್ತಿತ್ತು. ಉರಿಯುತ್ತಿದ್ದ ಬರ್ಬನ್ ಇಳಿಜಾರಿನಲ್ಲಿ ತೊರೆಯಾಗಿ ಹರಿಯಿತು. ಒಂದೇ ಒಂದು ಜೀವವೂ ಹೋಗಲಿಲ್ಲ ಎಂಬುದನ್ನು ಒತ್ತಿ ಹೇಳಿದರು. "ಆಮೇಲೆ ಹೋಗಿ ನೋಡಿದರೆ ಪೀಪಾಯಿಗಳ ಕಬ್ಬಿಣದ ಪಟ್ಟಿಗಳು ಮಾತ್ರ ಬಿದ್ದಿದ್ದವು. ನಾನು ಬಿರಡೆ ಮೇಲೆ ಮಾಡಿ ನಿಲ್ಲಿಸಿದವು ಯಾವುವು ಎಂದು ಹುಡುಕಿದರೆ ಏನು ಸಿಗುತ್ತದೆ?" ಎಂದರು. ಭಟ್ಟಿಯಿಲ್ಲದ ಆ ವರ್ಷಗಳಲ್ಲಿ ಜಿಮ್ ಬೀಮ್ ಮತ್ತು ಬ್ರೌನ್-ಫಾರ್ಮನ್ ತಮ್ಮ ಪೈಪೋಟಿಗಾರನಿಗಾಗಿ ತಮ್ಮಲ್ಲೇ ಬರ್ಬನ್ ಇಳಿಸಿಕೊಟ್ಟವು. ಇದನ್ನು ಹೇಳುವಾಗ ಅವರ ದನಿಯಲ್ಲಿ ಅಭಿಮಾನವಿತ್ತು. ಕೇಳುತ್ತಿದ್ದ ನನ್ನ ಗಂಟಲೂ ಕಟ್ಟಿತು.

ಎರಡು ಲೋಟ ಬಂತು. ಒಂದರಲ್ಲಿ 31ರದ್ದು, ಇನ್ನೊಂದರಲ್ಲಿ ಅದೇ ಹೆಸರಿನ ಈಗಿನ 7 ವರ್ಷದ ಬಾಂಡೆಡ್. ಎರಡೂ ಶೇ 50. ಈಗಿನದು ಒಳ್ಳೆಯ ಬರ್ಬನ್ ಎನ್ನುವುದರಲ್ಲಿ ಎರಡು ಮಾತಿಲ್ಲ. ವೆನಿಲಾ, ಸುಟ್ಟ ಸಕ್ಕರೆ, ಹುರಿದ ಕಡಲೆಕಾಯಿ, ಕೊನೆಯಲ್ಲಿ ಚುರುಕು. ಹಳೆಯದನ್ನು ಮೂಸಿದಾಗ ಮೊದಲು ಏನೂ ಹತ್ತಲಿಲ್ಲ. ಹಿರಿಯರು, "ಅವಸರ ಮಾಡಬೇಡಿ, ಅದು ಬಹಳ ವರ್ಷ ಗಾಜಿನೊಳಗೇ ಇತ್ತು" ಎಂದರು. ಸ್ವಲ್ಪ ಹೊತ್ತಾದ ಮೇಲೆ ಖರ್ಜೂರ ಬಂತು, ಹದವಾದ ಹೊಗೆಸೊಪ್ಪು ಬಂತು, ಹಳೆಯ ಚರ್ಮದ ವಾಸನೆ ಬಂತು. ನಾಲಿಗೆಯ ಮೇಲೆ ದಪ್ಪಗೆ ಹರಡಿ ಬಹಳ ಹೊತ್ತು ಉಳಿಯಿತು. ಎರಡನೆಯ ಗುಟುಕಿಗೆ ನಾನು ಮಾತು ನಿಲ್ಲಿಸಿದೆ.

ನಾನು ಬೆಂಗಳೂರಿನವನೆಂದು ತಿಳಿದಾಗ ಹಿರಿಯರಿಗೆ ಕುತೂಹಲ ಹುಟ್ಟಿತು. ಮೈಸೂರು ರಸ್ತೆಯ ಕಂಬೀಪುರದಲ್ಲಿ ಅಮೃತ್ ಭಟ್ಟಿಯಿದೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ನಮ್ಮ ಬಿಸಿಲಿನಲ್ಲಿ ಸಿಂಗಲ್ ಮಾಲ್ಟ್ ವಿಸ್ಕಿ ಮಾಗಿಸುತ್ತಾರೆ, ವರ್ಷಕ್ಕೆ ಶೇ 10ರಿಂದ 12ರಷ್ಟು ಗಾಳಿಗೆ ಹೋಗುತ್ತದೆ ಎಂದೆ. ಸ್ಕಾಟ್ಲೆಂಡಿನಲ್ಲಿ ಅದು ಶೇ 2ರ ಆಸುಪಾಸು. ಅವರು ಲೋಟ ಕೆಳಗಿಟ್ಟು, "ಹಾಗಾದರೆ ನಿಮಗೆ ಉಳಿಯುವುದೇನು?" ಎಂದು ಕೇಳಿದರು. ಬೇಗ ಮಾಗುತ್ತದೆ, ನಾಲ್ಕೈದು ವರ್ಷಕ್ಕೇ ಬಾಟಲಿಗೆ ಬರುತ್ತದೆ ಎಂದು ವಿವರಿಸಿದೆ. ಯಾವ ಪೀಪಾಯಿ ಎಂಬುದು ಮುಂದಿನ ಪ್ರಶ್ನೆ. ಬರ್ಬನ್‌ಗೆ ಪ್ರತಿಸಲವೂ ಹೊಸ ಓಕ್ ಪೀಪಾಯಿಯೇ ಆಗಬೇಕೆಂಬ ಕಾನೂನಿರುವುದರಿಂದ ಒಮ್ಮೆ ಬಳಸಿದವು ಲೋಕವೆಲ್ಲ ಸುತ್ತುತ್ತವೆ. ಅಮೃತ್‌ನಲ್ಲೂ ಬರ್ಬನ್ ತುಂಬಿದ್ದ ಪೀಪಾಯಿಗಳಿವೆ. ಇದನ್ನು ಕೇಳಿದಾಗ ಅವರ ಮುಖ ಅರಳಿತು. "ಹಾಗಾದರೆ ನಾನು ಉರುಳಿಸಿದ್ದರಲ್ಲಿ ಒಂದಾದರೂ ನಿಮ್ಮೂರು ಸೇರಿರಬಹುದು" ಎಂದರು. ಇರಬಹುದು ಎಂದೆ, ಮನಸ್ಸಾರೆ.

ಆಗ ಭಾವ ತಮ್ಮ ವಿಷಯ ತೆಗೆದರು. ಮನೆಯಲ್ಲಿ ಇದೇ 31ರ ಒಂದು ಬಾಟಲಿ ಸೀಲು ಒಡೆಯದೆ ಇದೆ. ತೆರೆಯಬೇಕೇ? ಹಿರಿಯರು ಅರೆಕ್ಷಣವೂ ಯೋಚಿಸಲಿಲ್ಲ. "ಕುಡಿಯಲಿ ಎಂದೇ ಉರುಳಿಸಿದ್ದು" ಎಂದರು.

"ಕೇಳಿದಿರಾ ಭಾವ?" ಎಂದು ನಾನು ಗೆದ್ದವನಂತೆ ತಿರುಗಿದೆ.

ಭಾವ ಶಾಂತವಾಗಿ ಹೇಳಿದರು: "ಕೇಳಿದೆ. ಆದರೆ ಎಲ್ಲರೂ ಆಗಲೇ ಕುಡಿದು ಮುಗಿಸಿದ್ದರೆ ಇವತ್ತು ನಿನ್ನ ಕೈಗೆ ಈ ಲೋಟ ಬರುತ್ತಿತ್ತೇನಯ್ಯ? ಯಾರೋ ಒಬ್ಬರು ಅಟ್ಟದಲ್ಲಿ ಇಟ್ಟುಕೊಂಡಿದ್ದರು. ನನ್ನಂಥವರು."

ನಾನು ಉತ್ತರಿಸಲಿಲ್ಲ. ಹಿರಿಯರೂ ಸುಮ್ಮನಾಗಿ, ಆಮೇಲೆ ತಲೆದೂಗಿದರು. ಆ ಮಾತು ನ್ಯಾಯವಾದದ್ದು. ಅಂದಿನಿಂದ ಸಂಗ್ರಹವೆಂದರೆ ಮೂಗು ಮುರಿಯುವುದನ್ನು ಬಿಟ್ಟಿದ್ದೇನೆ. ಆದರೆ ಎರಡು ಬಗೆಯ ಸಂಗ್ರಹವಿದೆ ಎಂದು ಈಗಲೂ ವಾದಿಸುತ್ತೇನೆ. ಮತ್ತೆ ಮಾಡಲಾಗದ್ದನ್ನು ಕಾಪಾಡುವುದು ಒಂದು. ಇವತ್ತೂ ಫ್ರಾಂಕ್‌ಫರ್ಟ್‌ನಲ್ಲಿ ತುಂಬುತ್ತಲೇ ಇರುವ ಬ್ಲಾಂಟನ್ಸನ್ನು ಗೊಂಬೆಯ ಆಸೆಗೆ ಡಜನ್ನುಗಟ್ಟಲೆ ಕಪಾಟಿನಲ್ಲಿ ಬಂಧಿಸುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ನಮಸ್ಕಾರ. ಎರಡನೆಯದರಿಂದ ಕುಡಿಯುವವನಿಗೆ ಬಾಟಲಿ ಸಿಗದೆ ಬೆಲೆ ಮಾತ್ರ ಏರುತ್ತದೆ. ಹೊರಡುವ ಹೊತ್ತಿಗೆ ಭಾವ ಇದರಲ್ಲಿ ಅರ್ಧವನ್ನು ಮಾತ್ರ ಒಪ್ಪಿದ್ದರು. ಯಾವ ಅರ್ಧವೆಂದು ಬೇರೆ ಹೇಳಬೇಕಿಲ್ಲ.

ಕೊಳ್ಳುವವರಿಗೆ ಕೆಲವು ಮಾತು. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ. ವೈನಿನ ಹಾಗೆ ಮಲಗಿಸಿದರೆ ಶೇ 50ರ ಮದ್ಯಸಾರ ಬಿರಡೆಯನ್ನು ತಿಂದು ಹಾಕುತ್ತದೆ. ಸೀಲು ಮಾಡಿದ ಬಾಟಲಿಯಲ್ಲಿ ಬರ್ಬನ್ ಮಾಗುವುದಿಲ್ಲ, ಪೀಪಾಯಿಯಿಂದ ಹೊರಬಂದ ದಿನವೇ ಅದರ ವಯಸ್ಸು ನಿಂತಿತು. ಬಿಸಿಲು ತಗುಲದಿರಲಿ. ಮೊದಲ ಬಾಟಲಿ ಯಾವುದು ಎಂದು ಕೇಳಿದರೆ ಇವಾನ್ ವಿಲಿಯಮ್ಸ್ ಬಿಳಿ ಲೇಬಲ್ಲಿನ ಬಾಂಡೆಡ್ ಎನ್ನುತ್ತೇನೆ. ಅಮೆರಿಕದಲ್ಲಿ 20 ಡಾಲರಿನ ಆಸುಪಾಸಿಗೆ ಸಿಗುವ ಅದು, ಮೂರು ಪಟ್ಟು ಬೆಲೆಯ ಎಷ್ಟೋ ಬಾಟಲಿಗಳಿಗಿಂತ ಮೇಲು.

ಇನ್ನೊಂದು ಮಾತು, ಇದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಹಿಂತಿರುಗುವಾಗ ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಯಲ್ಲಿ ಫೋರ್ ರೋಸಸ್ ಸಿಂಗಲ್ ಬ್ಯಾರೆಲ್ ಕೊಂಡೆ. ಅಂಗಡಿಯವರೇ ಚೀಲಕ್ಕೆ ಸೀಲು ಹಾಕಿಕೊಟ್ಟರು. ನಡುವೆ ವಿಮಾನ ಬದಲಿಸುವಲ್ಲಿ ತಪಾಸಣೆಯ ಸಿಬ್ಬಂದಿ, ರಸೀದಿ ಚೀಲದೊಳಗೆ ಕಾಣುತ್ತಿಲ್ಲ ಎಂದು ಬಾಟಲಿಯನ್ನು ಕಿತ್ತುಕೊಂಡು ತೊಟ್ಟಿಗೆ ಹಾಕಿದರು. ರಸೀದಿ ನನ್ನ ಜೇಬಿನಲ್ಲೇ ಇತ್ತು, ತೋರಿಸಿದರೂ ಕೇಳಲಿಲ್ಲ. ಆದ್ದರಿಂದ ಊರಲ್ಲೇ ಕೊಂಡು, ಬಟ್ಟೆಯಲ್ಲಿ ಸುತ್ತಿ, ಚೆಕ್ ಇನ್ ಮಾಡುವ ಪೆಟ್ಟಿಗೆಯಲ್ಲೇ ಇಡಿ. ಶೇ 70ಕ್ಕಿಂತ ಮದ್ಯಸಾರ ಮೀರಿದ್ದನ್ನು ವಿಮಾನಕ್ಕೆ ಬಿಡುವುದಿಲ್ಲ. ಭಾರತಕ್ಕೆ ತೆರಿಗೆಯಿಲ್ಲದೆ ತರಬಹುದಾದದ್ದು ತಲೆಗೆ 2 ಲೀಟರ್. ಸುಂಕರಹಿತ ಅಂಗಡಿಯಲ್ಲೇ ಕೊಳ್ಳಬೇಕಾಗಿ ಬಂದರೆ, ಸೀಲು ಹಾಕುವ ಮುಂಚೆ ರಸೀದಿಯನ್ನು ಒಳಗಿಡಿಸಿ, ಹೊರಗಿನಿಂದ ಓದಲು ಬರುತ್ತದೆಯೇ ಎಂದು ನೋಡಿಕೊಂಡೇ ಹಣ ಕೊಡಿ.

ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿ ಬಂದದ್ದು ಈಗಿನ ಹೆವನ್ ಹಿಲ್ 7 ವರ್ಷದ್ದು. ಬೆಂಗಳೂರಿನಲ್ಲಿ ಗೆಳೆಯರು ಬಂದಾಗ ಅದರ ಪಕ್ಕಕ್ಕೆ ಅಮೃತ್ ಫ್ಯೂಷನ್ ಇಟ್ಟು ಎರಡನ್ನೂ ಸುರಿಯುತ್ತೇನೆ. ಅರ್ಧದಷ್ಟು ಈಗಾಗಲೇ ಖಾಲಿಯಾಗಿದೆ.