ಚಳಗೇರಿ ಟೋಲ್ ದಾಟುವಾಗ

ರಾಣೆಬೆನ್ನೂರು ದಾಟಿ ದಾವಣಗೆರೆ ಕಡೆಗೆ ಬರುವಾಗ ಚಳಗೇರಿ ಟೋಲ್ ಸಿಗುತ್ತದೆ. ಮೊದಲೆಲ್ಲ ಅದು ನನಗೆ ಬರೀ ಟೋಲ್ ಆಗಿತ್ತು, ಕಾರು ನಿಧಾನ ಮಾಡಿ ಮುಂದೆ ಹೋಗುವ ಜಾಗ. 2022ರ ಮಾರ್ಚ್ ಆದಮೇಲೆ ಹಾಗಿಲ್ಲ. ಬೋರ್ಡ್ ಮೇಲೆ ಚಳಗೇರಿ ಅಂತ ಓದಿದ ಕೂಡಲೇ ನವೀನ್ ನೆನಪಾಗುತ್ತಾನೆ.

ನವೀನ್ ಶೇಖರಪ್ಪ ಗ್ಯಾನಗೌಡರ್. ಉಕ್ರೇನ್‌ನ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ, ಹಾವೇರಿ ಜಿಲ್ಲೆಯ ಇದೇ ಚಳಗೇರಿಯ ಹುಡುಗ. ನನಗೆ ಅವನ ಪರಿಚಯ ಇರಲಿಲ್ಲ. ನಾನೂ ಡಾಕ್ಟರ್, ಅಷ್ಟೇ ಸಂಬಂಧ. ಆದರೂ ಅವನ ಸುದ್ದಿ ಬಂದ ದಿನ ಒಪಿಡಿಯಲ್ಲಿ ಕೂತು ಪೇಷಂಟ್ ಹೇಳಿದ್ದು ಕಿವಿಗೇ ಬೀಳದ ಹಾಗಾಗಿತ್ತು.

ಉಕ್ರೇನ್ ಮೇಲೆ ರಷ್ಯಾದ ಯುದ್ಧ ಶುರುವಾಗಿದ್ದು ಫೆಬ್ರವರಿ 24ಕ್ಕೆ. ಅವತ್ತೇ ಉಕ್ರೇನ್ ಆಕಾಶದಲ್ಲಿ ವಿಮಾನ ಬಂದ್. ಖಾರ್ಕಿವ್‌ನಿಂದ ರಷ್ಯಾ ಗಡಿ ಸುಮಾರು 40 ಕಿಲೋಮೀಟರ್, ಆದರೆ ನಮ್ಮ ಮಕ್ಕಳು ತಪ್ಪಿಸಿಕೊಂಡು ಹೋಗಬೇಕಾಗಿದ್ದ ಪೋಲೆಂಡ್ ಕಡೆಯ ಗಡಿ ದೇಶದ ಇನ್ನೊಂದು ತುದಿಯಲ್ಲಿ, ಸಾವಿರ ಕಿಲೋಮೀಟರ್ ಆಚೆ. ಪಶ್ಚಿಮದ ಊರುಗಳಲ್ಲಿದ್ದವರು ಬಸ್ ಹಿಡಿದು ಹೊರಟರು. ಖಾರ್ಕಿವ್‌ನವರು ನೆಲಮಾಳಿಗೆ ಸೇರಿಕೊಂಡರು. ಬಂಕರ್‌ನಲ್ಲಿ ಊಟ ಇಲ್ಲ, ನೀರಿಲ್ಲ ಅಂತ ನವೀನ್ ಫೋನ್‌ನಲ್ಲಿ ಹೇಳಿದ್ದನಂತೆ, ಮನೆಯವರೇ ಆಮೇಲೆ ಹೇಳಿದರು. ಮಾರ್ಚ್ 1ರ ಬೆಳಗ್ಗೆ ಅವನು ಹೊರಗೆ ಬಂದದ್ದು ದಿನಸಿ ತರೋಕೆ. ಅಂಗಡಿ ಮುಂದೆ ಸಾಲಲ್ಲಿ ನಿಂತಿದ್ದ. ಶೆಲ್ ದಾಳಿ ಆಯಿತು.

ಮರುದಿನವೇ, ಖಾರ್ಕಿವ್‌ನಲ್ಲಿರುವ ಭಾರತೀಯರೆಲ್ಲ ನಡೆದುಕೊಂಡಾದರೂ ಸರಿ, ತಕ್ಷಣ ಊರು ಬಿಡಿ ಅಂತ ನಮ್ಮ ರಾಯಭಾರ ಕಚೇರಿ ಹೇಳಿತು. ಒಂದೇ ಒಂದು ದಿನದ ಅಂತರ. ಇದನ್ನು ಯೋಚಿಸಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ. ಉಕ್ರೇನ್‌ನಿಂದ 22,500ಕ್ಕೂ ಹೆಚ್ಚು ಭಾರತೀಯರು ಮನೆಗೆ ಬಂದರು. ಹಾಗೆ ಏರ್‌ಪೋರ್ಟ್‌ನಲ್ಲಿ ಅಪ್ಪ ಅಮ್ಮನನ್ನು ತಬ್ಬಿಕೊಂಡ ಮಕ್ಕಳ ಜೊತೆ ಅವನೂ ಇರಬೇಕಿತ್ತು ಅಲ್ವಾ?

ಆ ವಾರ ಎಲ್ಲ ಕಡೆ ಚರ್ಚೆ ಆಗಿದ್ದು ಬೇರೆಯೇ ವಿಷಯ. ಇಲ್ಲಿ ಸೀಟು ಸಿಗದವರು, ನೀಟ್‌ನಲ್ಲಿ ಫೇಲಾದವರು ಹೊರದೇಶಕ್ಕೆ ಹೋಗುತ್ತಾರೆ ಅಂತ ಕೆಲವರು ಸಲೀಸಾಗಿ ಹೇಳಿಬಿಟ್ಟರು. ಮಗನಿಗೆ ಪಿಯುಸಿಯಲ್ಲಿ 97 ಪರ್ಸೆಂಟ್ ಬಂದಿತ್ತು, ಆದರೂ ಇಲ್ಲಿ ಸೀಟು ಸಿಗಲಿಲ್ಲ, ಸೀಟಿಗೆ ಕೋಟಿ ಲೆಕ್ಕದಲ್ಲಿ ದುಡ್ಡು ಕೊಡಬೇಕು ಅಂತ ಅವನ ತಂದೆ ಮಾಧ್ಯಮದವರ ಮುಂದೆ ಹೇಳಿದರು. ಮಗ ಸತ್ತ ಹೊತ್ತಲ್ಲಿ ಒಬ್ಬ ಅಪ್ಪ ಮಗನ ಮಾರ್ಕ್ಸ್ ಹೇಳಬೇಕಾಗಿ ಬಂತು. ಅದಕ್ಕಿಂತ ಸಂಕಟ ಬೇರೆ ಏನಿದೆ?

ಲೆಕ್ಕ ಸುಲಭ ಇದೆ. 2021ರಲ್ಲಿ ನೀಟ್ ಬರೆದವರು 15 ಲಕ್ಷಕ್ಕೂ ಜಾಸ್ತಿ. ಆಗ ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಇದ್ದದ್ದು 90 ಸಾವಿರದ ಆಸುಪಾಸು, ಅದರಲ್ಲೂ ಹೆಚ್ಚುಕಮ್ಮಿ ಅರ್ಧ ಖಾಸಗಿ ಕಾಲೇಜುಗಳದ್ದು. ನನಗೆ ಸರ್ಕಾರಿ ಸೀಟು ಸಿಕ್ಕಿದ್ದು ಕೊನೇ ರೌಂಡ್‌ನಲ್ಲಿ. ನಾಲ್ಕು ಮಾರ್ಕ್ಸ್ ಕಡಿಮೆ ಬಂದಿದ್ದರೆ ನಮ್ಮಪ್ಪನೂ ಯಾವುದೋ ದೇಶದ ಹೆಸರು ಕೇಳಿಕೊಂಡು ಏಜೆಂಟ್ ಆಫೀಸ್ ಮುಂದೆ ನಿಲ್ಲಬೇಕಾಗುತ್ತಿತ್ತು. ಇದನ್ನು ನಾನು ಯಾವತ್ತೂ ಮರೆಯಲ್ಲ.

ಅವನ ದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ರ ನಸುಕಿಗೆ. ಇಪ್ಪತ್ತು ದಿನ. ನಮ್ಮ ಕಡೆ ಸಂಜೆ ಯಾರಾದರೂ ತೀರಿಕೊಂಡರೆ ಬೆಳಗ್ಗೆ ಮಣ್ಣು ಮಾಡುವವರೆಗೂ ಮನೆಯವರ ಗಂಟಲಲ್ಲಿ ಒಂದು ಗುಟುಕು ನೀರು ಇಳಿಯುವುದಿಲ್ಲ. ಆ ತಾಯಿ ಇಪ್ಪತ್ತು ದಿನ ಕಾದರು. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಏರ್‌ಪೋರ್ಟ್‌ಗೆ ಬಂದಿದ್ದರು. ಅಲ್ಲಿಂದ ಚಳಗೇರಿಗೆ. ಊರಿಗೆ ಊರೇ ಸೇರಿತ್ತು. ವೀರಶೈವ ಸಂಪ್ರದಾಯದಂತೆ ಪೂಜೆ ಆಯಿತು. ಆದರೆ ಮಣ್ಣು ಮಾಡಲಿಲ್ಲ. ದೇಹವನ್ನು ದಾವಣಗೆರೆಯ ಎಸ್.ಎಸ್. ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು.

ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳಬೇಕು. ಮಂದಿ ಇದನ್ನು ಓದಿ "ಎಂಥ ದೊಡ್ಡ ಮನಸ್ಸು" ಅಂದು ಮುಂದೆ ಹೋದರು. ಶವ ಕೊಯ್ದು ದೇಹರಚನೆ ಕಲಿಯುವ ಅನಾಟಮಿ ಹಾಲ್ ಒಳಗೆ ಒಂದು ವರ್ಷ ಕಳೆದವರಿಗೆ ಅದು ಅಷ್ಟಕ್ಕೇ ಮುಗಿಯುವ ಮಾತಲ್ಲ.

ನಮ್ಮ ಟೇಬಲ್ ಮೇಲೆ ಇದ್ದದ್ದು ಒಬ್ಬ ವಯಸ್ಸಾದ ಗಂಡಸು. ಹೆಸರಿಲ್ಲ. ನಾವು ಹತ್ತು ಜನ ಸುತ್ತ ನಿಂತಿದ್ದೆವು. ಫಾರ್ಮಲಿನ್ ಘಾಟಿಗೆ ಕಣ್ಣಲ್ಲಿ ನೀರು. ಕೈ ಓದುವ ದಿನ ಅವರ ಮುಷ್ಟಿ ಬಿಡಿಸೋಕೆ ಇಬ್ಬರು ಬೇಕಾಯಿತು. ಬೆರಳು ಬಿಡಿಸಿ ನೋಡಿದರೆ ಅಂಗೈ ತುಂಬ ದಡ್ಡು, ಬೆರಳ ಬುಡದಲ್ಲಿ ಸಾಲಾಗಿ ನಾಲ್ಕು ಗಂಟು. ಗುದ್ದಲಿಯೋ ಹಾರೆಯೋ ಹಿಡಿದ ಕೈ. ಬ್ಲೇಡ್ ಆ ದಡ್ಡಿನ ಮೇಲೆ ಜಾರುತ್ತಿತ್ತು. ಅವತ್ತು ನಾವು ಯಾರೂ ಮಾತಾಡಲಿಲ್ಲ. ಇವತ್ತಿಗೂ ನಾನು ಯಾರದ್ದಾದರೂ ಕೈ ಹಿಡಿದು ನಾಡಿ ನೋಡುವಾಗ, ಆ ರಕ್ತನಾಳ ಎಲ್ಲಿ ಹೋಗುತ್ತದೆ ಅಂತ ನನಗೆ ಗೊತ್ತಿರುವುದು ಅವರಿಂದ.

ಅಂಥವರು ಅಲ್ಲಿಗೆ ಬರುವುದು ಹೆಚ್ಚಾಗಿ ಯಾರೂ ಕೇಳುವವರಿಲ್ಲದೆ. ಕರ್ನಾಟಕದಲ್ಲಿ 1957ರ ಅನಾಟಮಿ ಕಾಯ್ದೆ ಇದೆ, ವಾರಸುದಾರರಿಲ್ಲದ ಶವಗಳನ್ನು ಕಾಲೇಜಿಗೆ ಕೊಡೋದು ಅದರ ಪ್ರಕಾರವೇ. ನವೀನ್‌ಗೆ ಅಪ್ಪ ಇದ್ದರು, ಅಮ್ಮ ಇದ್ದರು, ಅಣ್ಣ ಇದ್ದ, ಇಡೀ ಊರು ಇತ್ತು. ಊರಲ್ಲಿ ಒಂದು ಸಮಾಧಿ ಇದ್ದಿದ್ದರೆ ಆ ತಾಯಿ ಹೋಗಿ ಕೂತುಕೊಳ್ಳೋಕೆ, ಹೂವು ಇಟ್ಟು ಬರೋಕೆ ಒಂದು ಜಾಗ ಇರುತ್ತಿತ್ತು. ಅದನ್ನೂ ಬಿಟ್ಟುಕೊಟ್ಟರು. ಮಗ ಡಾಕ್ಟರ್ ಆಗಲಿಲ್ಲ, ಅವನಿಂದ ಬೇರೆ ಮಕ್ಕಳಾದರೂ ಕಲಿಯಲಿ ಅಂತ.

ಚಳಗೇರಿಯಿಂದ ಹರಿಹರದ ತುಂಗಭದ್ರಾ ಸೇತುವೆ ದಾಟಿದರೆ ದಾವಣಗೆರೆ, ಕಾರಿನಲ್ಲಿ ಒಂದು ತಾಸೂ ಬೇಡ. ಮನೆಯಿಂದ ಇಷ್ಟು ಹತ್ತಿರ ಮೆಡಿಕಲ್ ಕಾಲೇಜು ಇತ್ತು ಅವನಿಗೆ. ಸೇತುವೆ ಮೇಲೆ ಹೋಗುವಾಗ ಪ್ರತಿ ಸಲ ಇದೇ ಯೋಚನೆ. ಎಷ್ಟು ಪ್ರಯತ್ನಪಟ್ಟರೂ ತಲೆಯಿಂದ ಹೋಗಲ್ಲ.

ಈಚೆಗೆ ನಮ್ಮಕ್ಕನ ಮಗಳು ಎಂಬಿಬಿಎಸ್ ಸೇರಿದಳು. ಬಿಳಿ ಕೋಟ್ ಹಾಕಿಕೊಂಡು ಫೋಟೋ ಕಳಿಸಿದ್ದಳು, ತೋಳು ಉದ್ದ ಆಗಿ ಮಡಚಿಕೊಂಡಿದ್ದಳು. ಮೊದಲನೇ ವಾರ ಫೋನ್ ಮಾಡಿ ಅನಾಟಮಿ ಹಾಲ್ ನೋಡಿ ರಾತ್ರಿ ಊಟ ಸೇರಲಿಲ್ಲ ಅಂದಳು. ಸಮಾಧಾನ ಮಾಡೋಕೆ ಹೋಗಿ ಅವಳಿಗೆ ಆ ದಡ್ಡುಗಟ್ಟಿದ ಅಂಗೈ ವಿಷಯ ಹೇಳಿದೆ. ಆಮೇಲೆ ಯಾಕೋ ನವೀನ್ ವಿಷಯವೂ ಬಂತು. ಸುಮ್ನೆ ಕೇಳಿಸಿಕೊಂಡಳು.

"ಯಾವ ಇಯರ್‌ನಲ್ಲಿದ್ದ ಮಾಮ?"

"ಫೋರ್ತ್ ಇಯರ್. ಅಲ್ಲಿ ಕೋರ್ಸು ಆರು ವರ್ಷ."

"ಅಯ್ಯೋ, ಅನಾಟಮಿ ಎಲ್ಲಾ ಮುಗಿಸಿದ್ದನಲ್ಲ ಹಾಗಾದರೆ," ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.