ಮೂಲೆ ಸೈಟಿನ ಮಣ್ಣು: ಜೆಸಿಬಿ ಕರೆಸೋ ಮೊದಲು

ಮೈಸೂರಿನ ಹಳೇ ಬಡಾವಣೆಗಳಲ್ಲಿ ಗ್ಯಾರೇಜು, ಬ್ಯಾಟರಿ ಅಂಗಡಿ, ಗುಜರಿ ಅಂಗಡಿ ಖಾಲಿಯಾದ ಸೈಟನ್ನು ಪಾರ್ಕು ಮಾಡುವಾಗ ನಡೆಯೋದು ಒಂದೇ ಥರ. ಜೆಸಿಬಿ ಬಂದು ಮಟ್ಟ ಮಾಡುತ್ತೆ, ಎರಡು ಲೋಡು ಕೆಮ್ಮಣ್ಣು ಬೀಳುತ್ತೆ, ಉಯ್ಯಾಲೆ ನಿಲ್ಲುತ್ತೆ. ಕೆಲಸ ಕೆಡೋದು ಆ ಮೊದಲ ದಿನವೇ. ಒಂದು ಮೂಲೆಯಲ್ಲಿ ತೆಪ್ಪಗೆ ಬಿದ್ದಿದ್ದ ಸೀಸವನ್ನು (ಲೆಡ್, ಮಕ್ಕಳಿಗೆ ವಿಷವಾಗೋ ಲೋಹ) ಜೆಸಿಬಿ ಇಡೀ ಸೈಟಿಗೆ ಹಂಚಿಬಿಡುತ್ತೆ, ಆಮೇಲೆ ಬೇರ್ಪಡಿಸೋಕೆ ಆಗಲ್ಲ.

ಅಲ್ಲಿ ಮೊದಲು ಏನಿತ್ತು ಅನ್ನೋದು ಅಕ್ಕಪಕ್ಕದ ಹಿರಿಯರಿಗೆ ಗೊತ್ತಿರುತ್ತೆ. ಪಾಲಿಕೆಯ ಹಳೇ ಟ್ರೇಡ್ ಲೈಸೆನ್ಸು, ಗೂಗಲ್ ಅರ್ಥ್‌ನ ಹಳೇ ಚಿತ್ರಗಳನ್ನೂ ನೋಡಿ. ಬ್ಯಾಟರಿ ಒಡೆದ ಜಾಗ, ಆಯಿಲ್ ಚೆಲ್ಲಿದ ಜಾಗ, ಹಳೇ ಪೇಂಟ್ ಕೆರೆದ ಗೋಡೆಯ ಬುಡ, ಇಷ್ಟನ್ನು ಗುರುತು ಮಾಡಿಕೊಳ್ಳಿ. ದೊಡ್ಡ ರಸ್ತೆ ಪಕ್ಕದ ಮಣ್ಣನ್ನೂ ಬಿಡಬೇಡಿ. ಸೀಸ ಬೆರೆಸಿದ ಪೆಟ್ರೋಲ್ ನಮ್ಮಲ್ಲಿ ನಿಂತಿದ್ದು 2000ದಲ್ಲಿ, ಅಲ್ಲಿವರೆಗೆ ಬಿದ್ದದ್ದು ಎಲ್ಲೂ ಹೋಗಿರಲ್ಲ.

ಎಲ್ಲರೂ ಎಡವೋದು ಪರೀಕ್ಷೆಯಲ್ಲಿ. ಕೃಷಿ ಇಲಾಖೆಯ ಮಣ್ಣು ಆರೋಗ್ಯ ಚೀಟಿಯಲ್ಲಿ ಇರೋದು 12 ಅಂಶ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್ (ಹುಳಿ-ಕ್ಷಾರದ ಅಳತೆ), ಇಸಿ (ಉಪ್ಪಿನಂಶದ ಅಳತೆ), ಸಾವಯವ ಇಂಗಾಲ. ಸೀಸ ಅದರಲ್ಲಿಲ್ಲ. ಬೆಳೆಗೆ ಒಳ್ಳೇ ಮಣ್ಣು ಅಂತ ಚೀಟಿ ಬಂದರೂ ಮಗುವಿನ ಕೈಗೆ ಒಳ್ಳೇದು ಅಂತ ಅರ್ಥ ಅಲ್ಲ. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಲ್ಯಾಬಿಗೆ ‘ಒಟ್ಟು ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಕ್ರೋಮಿಯಂ’ ಅಂತ ಬರೆದೇ ಕೊಡಿ. ಆಯಿಲ್ ಅನುಮಾನ ಇದ್ದರೆ ‘ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್’ ಸೇರಿಸಿ. ಅದರ ಮಣ್ಣನ್ನು ಪ್ಲಾಸ್ಟಿಕ್ ಕವರಿಗಲ್ಲ, ಗಾಜಿನ ಬಾಟಲಿಗೆ ಬಾಯಿತನಕ ತುಂಬಿ ಐಸಿನಲ್ಲಿಟ್ಟು ಕಳಿಸಬೇಕು.

40x60 ಸೈಟಾದರೆ ಸುಣ್ಣದಲ್ಲಿ 10 ಅಡಿ ಚೌಕ ಎಳೆಯಿರಿ, 24 ಚೌಕ ಬರುತ್ತೆ. ಪ್ರತಿ ಚೌಕದಲ್ಲೂ ಐದು ಕಡೆಯಿಂದ, ಮೇಲಿನ 15 ಸೆಂ.ಮೀ. ಮಣ್ಣು ತೆಗೆದು ಬೆರೆಸಿ ಅರ್ಧ ಕೆಜಿ ಉಳಿಸಿಕೊಳ್ಳಿ. ಅನುಮಾನದ ಚೌಕದಲ್ಲಿ ಎರಡಡಿ ಆಳದ್ದೂ ಬೇಕು. ಸ್ಟೀಲ್ ಕರಣೆ ಸಾಕು, ಬಣ್ಣ ಬಳಿದ ಗುದ್ದಲಿ ಬೇಡ. ಚೌಕದಿಂದ ಚೌಕಕ್ಕೆ ತೊಳೆಯಬೇಕು.

ಲ್ಯಾಬಿನ ಖರ್ಚು ಉಳಿಸೋಕೆ 24ನ್ನೂ ಒಟ್ಟಿಗೆ ಬೆರೆಸಿ ಒಂದೇ ಸ್ಯಾಂಪಲ್ ಕಳಿಸೋ ಬುದ್ಧಿವಂತರಿದ್ದಾರೆ. ಲೆಕ್ಕ ಹಾಕಿ. 23 ಚೌಕದಲ್ಲಿ ಕೆಜಿಗೆ 30 ಮಿ.ಗ್ರಾಂ. ಸೀಸ, ಬ್ಯಾಟರಿ ಮೂಲೆಯಲ್ಲಿ 2400. ಸರಾಸರಿ 129. ಮನೆಗಳಿರೋ ಜಾಗಕ್ಕೆ ಕೆನಡಾದ ಮಿತಿ 140. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2024ರಲ್ಲಿ 400ನ್ನು 200ಕ್ಕೆ ಇಳಿಸಿತು. ಎರಡರ ಪ್ರಕಾರವೂ ಸೈಟು ಪಾಸು! ಉಯ್ಯಾಲೆ ಮಾತ್ರ ಆ 2400ರ ಮೇಲೇ ನಿಲ್ಲಬಹುದು. ಚೆನ್ನಾಗಿ ಕಾಣೋ ನಾಲ್ಕು ಚೌಕ ಕೂಡಿಸಿದರೆ ಅಡ್ಡಿಯಿಲ್ಲ, ಅನುಮಾನದ ಚೌಕ ಯಾವತ್ತೂ ಒಂಟಿಯಾಗೇ ಹೋಗಬೇಕು.

ಹೀಗೆ ನಕ್ಷೆ ಸಿಕ್ಕರೆ ದುಡ್ಡೂ ಉಳಿಯುತ್ತೆ. ಒಂದು ಚೌಕವನ್ನು ಒಂದಡಿ ತೆಗೆದರೆ ನೂರು ಘನ ಅಡಿ, ಅಂದರೆ ಒಂದು ಯೂನಿಟ್, ಸುಮಾರು ನಾಲ್ಕು ಟನ್. ಇಡೀ ಸೈಟಾದರೆ ನೂರು ಟನ್. ತೆಗೆದದ್ದನ್ನು ರಾತ್ರೋರಾತ್ರಿ ರಿಂಗ್ ರೋಡ್ ಪಕ್ಕ ಸುರಿದರೆ ಸಮಸ್ಯೆಗೆ ವಿಳಾಸ ಬದಲಾಯಿತು ಅಷ್ಟೆ. ಟಿಸಿಎಲ್‌ಪಿ ಪರೀಕ್ಷೆಯಲ್ಲಿ (ಮಣ್ಣಿನಿಂದ ವಿಷ ಎಷ್ಟು ದ್ರವಕ್ಕೆ ಬಸಿಯುತ್ತೆ ಅಂತ ನೋಡೋ ಪರೀಕ್ಷೆ) ಲೀಟರಿಗೆ 5 ಮಿ.ಗ್ರಾಂ. ದಾಟಿ ಸೀಸ ಬಿಟ್ಟುಕೊಂಡರೆ ಅದು ಅಪಾಯಕಾರಿ ತ್ಯಾಜ್ಯ. ಮಾಲಿನ್ಯ ನಿಯಂತ್ರಣ ಮಂಡಳಿ ಮೂಲಕ ದಾಬಸ್‌ಪೇಟೆಯ ಘಟಕದಂಥ ಅಧಿಕೃತ ಜಾಗಕ್ಕೇ ಹೋಗಬೇಕು. ಅಗೆಯುವ ಮುಂಚೆ ನೀರು ಚಿಮುಕಿಸಿ, ಎನ್95 ಮಾಸ್ಕ್ ಹಾಕಿ. ಒದ್ದೆ ಬಟ್ಟೆಯ ಮಾಸ್ಕಿಗೆ ಆ ಧೂಳು ನಿಲ್ಲಲ್ಲ.

ಡೀಸೆಲ್ ಚೆಲ್ಲಿದ ಮಣ್ಣಿನ ಪಾಡು ವಾಸಿ, ಸೂಕ್ಷ್ಮಜೀವಿಗಳು ಡೀಸೆಲ್ ತಿನ್ನೋದರಿಂದ ಅದನ್ನು ಅಲ್ಲೇ ಸರಿಮಾಡಬಹುದು. ದಪ್ಪ ಟಾರ್ಪಾಲಿನ ಮೇಲೆ ನಾಲ್ಕಡಿಗಿಂತ ಎತ್ತರ ಆಗದಂತೆ ರಾಶಿ ಹಾಕಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಹದಿನೈದು ದಿನಕ್ಕೊಮ್ಮೆ ಮಗುಚಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಮಳೆಗೆ ಮುಚ್ಚದಿದ್ದರೆ ಗಾಳಿಯಾಡದೆ ಕೊಳೆಯುತ್ತೆ, ಎಣ್ಣೆ ಚರಂಡಿಗಿಳಿಯುತ್ತೆ. ಸುಟ್ಟ ಇಂಜಿನ್ ಆಯಿಲ್ ಬಹಳ ನಿಧಾನ, ಅದರಲ್ಲಿ ಲೋಹವೂ ಇರುತ್ತೆ.

ಸೂರ್ಯಕಾಂತಿ ಹಾಕಿದರೆ ಸೀಸ ಹೀರಿಕೊಳ್ಳುತ್ತೆ ಅನ್ನೋ ವಾಟ್ಸಾಪ್ ಸಲಹೆ ಬೇಡ. ಸೀಸ ಮಣ್ಣಿಗೇ ಅಂಟಿಕೊಂಡಿರುತ್ತೆ, ಗಿಡಕ್ಕೆ ಏರೋದು ಅಲ್ಪ, ದಶಕಗಟ್ಟಲೆ ಹಿಡಿಯುತ್ತೆ. ರಂಜಕದ ಗೊಬ್ಬರ ಸೀಸವನ್ನು ಕಟ್ಟಿಹಾಕುತ್ತೆ ನಿಜ, ಆದರೆ ಆರ್ಸೆನಿಕ್ ಇದ್ದರೆ ಅದನ್ನು ಬಿಡಿಸಿ ನೀರಿಗೆ ಬಿಡುತ್ತೆ. ಆರ್ಸೆನಿಕ್ ಪರೀಕ್ಷೆ ಬಿಡಬೇಡಿ ಅನ್ನೋದು ಅದಕ್ಕೇ.

ಸ್ವಲ್ಪ ಹೆಚ್ಚಿರೋ ಚೌಕಕ್ಕೆ ಮುಚ್ಚಿಗೆಯೇ ಸರಿ. ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯೋ ಗಟ್ಟಿ ಬಟ್ಟೆ), ಅದರ ಮೇಲೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಲೆ, ಮೇಲೆ ಒಂದೂವರೆ ಅಡಿ ಒಳ್ಳೇ ಮಣ್ಣು. ಹೊರಗಿಂದ ಬರೋ ಕೆಮ್ಮಣ್ಣಿನ ಲೋಡನ್ನೂ ಪರೀಕ್ಷೆ ಮಾಡಿಸಿ, ಎಷ್ಟೋ ಸಲ ಅದು ಇನ್ನೊಂದು ಸೈಟಿನ ಕಟ್ಟಡದ ಡೆಬ್ರಿ. ತರಕಾರಿ ಹಾಕೋದಾದರೆ ಬೆಂಡೆ, ಬದನೆ, ಟೊಮೆಟೊ. ಮೂಲಂಗಿ, ಸೊಪ್ಪು ಆ ಮೂಲೆಗೆ ಬೇಡ. ಬಲೆ ಎಷ್ಟು ಆಳದಲ್ಲಿದೆ ಅಂತ ಪಾರ್ಕಿನ ಬೋರ್ಡಿನಲ್ಲೂ ಪಾಲಿಕೆಯ ಫೈಲಿನಲ್ಲೂ ಬರೆಸಿ. ಹತ್ತು ವರ್ಷ ಬಿಟ್ಟು ಒಳಚರಂಡಿ (ಯುಜಿಡಿ) ಪೈಪಿಗೆ ಅಗೆಯೋಕೆ ಬರೋನು ಆ ಬೋರ್ಡು ಓದದಿದ್ದರೂ, ಗುದ್ದಲಿಗೆ ಕಿತ್ತಳೆ ಬಲೆ ಸಿಕ್ಕಿಕೊಂಡಾಗ ಒಂದು ಗಳಿಗೆ ನಿಲ್ಲುತ್ತಾನೆ.